ಯಾಜಕಕಾಂಡದಲ್ಲಿ ನಿಂತುಹೋದವರಿಗೆ

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಮೂಲ ಉಡುಪಿ ಕಡೆ, ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ದಿನಾ ಲೋಕಲ್‌ನಲ್ಲಿ ಸಿಎಸ್‌ಎಂಟಿ ತನಕ ಹೋಗಿಬರುತ್ತೇನೆ. ಬೆಳಿಗ್ಗೆ ಅನುದಿನದ ಧ್ಯಾನದ ಪುಸ್ತಕದಲ್ಲಿ ಒಂದು ಪುಟ ಓದುತ್ತೇನೆ. ವಾಟ್ಸಾಪಿನಲ್ಲಿ ವಾಕ್ಯ ಬಂದರೆ ಆಮೆನ್ ಹಾಕುತ್ತೇನೆ. ಮೂರು ವರ್ಷ ಜನವರಿಯಲ್ಲಿ 'ಒಂದು ವರ್ಷದಲ್ಲಿ ಬೈಬಲ್' ಶುರು ಮಾಡಿದೆ, ಮೂರು ಸಲವೂ ಯಾಜಕಕಾಂಡದಲ್ಲಿ ನಿಂತೆ. ಹೋದ ವರ್ಷ ನಮ್ಮ ಯಜಮಾನರ ಕೆಲಸ ಹೋಯಿತು. ಆಗ ಯೆರೆಮೀಯ 29:11 ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಏಳು ತಿಂಗಳು ಕೆಲಸ ಸಿಗಲಿಲ್ಲ. ಈಗ ಸಿಕ್ಕಿದೆ, ಸಂಬಳ ಕಡಿಮೆ. ಆದರೆ ಅವತ್ತಿನಿಂದ ಏನು ಓದಿದರೂ ಮನಸ್ಸಿಗೆ ತಟ್ಟುವುದಿಲ್ಲ. ಧ್ಯಾನದ ಓದು, ಬೈಬಲ್ ಅಧ್ಯಯನ ಎರಡೂ ಬೇರೆ ಬೇರೆನಾ? ಇಂಗ್ಲಿಷ್‌ನಲ್ಲಿ ಓದಲೋ ಕನ್ನಡದಲ್ಲೋ? ಅತ್ತೆ ಓದುವ ಹಳೆಯ ಸತ್ಯವೇದ ನನಗೆ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ನಂಬಿಕೆಯಲ್ಲಿ ಬೆಳೆಯುವುದು ಅಂದರೆ ನಿಜವಾಗಿ ಏನು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ ತಂಗಿ, ನಾನು ಅಯ್ಯನವರೂ ಅಲ್ಲ, ಪಾದ್ರಿಯೂ ಅಲ್ಲ. ಪುಣೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲ್ಲಿನ ಕನ್ನಡದವರ ಮನೆಗಳಲ್ಲಿ ವಾರಕ್ಕೊಂದು ಬೈಬಲ್ ಕೂಟ ನಡೆಸುತ್ತಾ ಬಂದಿದ್ದೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಹೆಚ್ಚಿನವರು ನಿಮ್ಮಷ್ಟು ನೇರವಾಗಿ ಕೇಳುವುದಿಲ್ಲ, ಅಷ್ಟೇ. 'ಟೈಮೇ ಸಿಗೋದಿಲ್ಲ ಅಂಕಲ್' ಅನ್ನುತ್ತಾರೆ.

ಯಾಜಕಕಾಂಡದ ವಿಷಯ ಮೊದಲು ಮುಗಿಸೋಣ, ಅದು ಸುಲಭ. ನಮ್ಮ ಬೈಬಲಿನ 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯ. 365 ದಿನಕ್ಕೆ ಹಂಚಿದರೆ ದಿನಕ್ಕೆ ಮೂರು ಚಿಲ್ಲರೆ. ಆದಿಕಾಂಡ 50, ವಿಮೋಚನಕಾಂಡ 40, ಅಲ್ಲಿಗೆ 90 ಅಧ್ಯಾಯ. ಮೂರನೆಯ ಪುಸ್ತಕವೇ ಯಾಜಕಕಾಂಡ. ಅಂದರೆ ಮೊದಲ ಪುಟದಿಂದ ಸಾಲಾಗಿ ಓದುವವರಿಗೆ ಸರಿಯಾಗಿ ಜನವರಿ ಮುಗಿಯುವ ಹೊತ್ತಿಗೆ ಹೋಮ, ಬಲಿ, ಕೊಬ್ಬು, ಮೂತ್ರಪಿಂಡ ಎದುರಾಗುತ್ತವೆ. ಹೊಸ ವರ್ಷದ ಹುರುಪು ಇಳಿಯುವುದೂ ಆಗಲೇ. ಹೀಗಾಗಿ ನೀವು ಸೋತದ್ದು ಭಕ್ತಿಯಲ್ಲಿ ಅಲ್ಲ, ಲೆಕ್ಕದಲ್ಲಿ. ಯಾಜಕಕಾಂಡ ಬೇಸರದ ಪುಸ್ತಕ ಅಂತಲೂ ನಾನು ಒಪ್ಪುವುದಿಲ್ಲ. 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು' ಅನ್ನುವ ಮಾತು ಮೊದಲು ಬರುವುದೇ ಅಲ್ಲಿ, 19ನೇ ಅಧ್ಯಾಯದಲ್ಲಿ. 14ನೇ ಅಧ್ಯಾಯದಲ್ಲಿ ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಾಜಕನನ್ನು ಕರೆಸಿ ತೋರಿಸಬೇಕು ಅಂತ ನಿಯಮವಿದೆ. ಜುಲೈ ತಿಂಗಳ ಮುಂಬಯಿಯಲ್ಲಿ ಆ ಯಾಜಕನಿಗೆ ಊಟ ಮಾಡಲೂ ಪುರುಸೊತ್ತು ಸಿಗುತ್ತಿರಲಿಲ್ಲ! ಆದರೆ ಅದು ಹೊಸಬರು ಒಬ್ಬರೇ ನುಗ್ಗುವ ಜಾಗ ಅಲ್ಲ. ಮೊದಲು ಸುವಾರ್ತೆಗಳು, ಆಮೇಲೆ ಇಬ್ರಿಯರಿಗೆ ಬರೆದ ಪತ್ರ, ಅದಾದ ಮೇಲೆ ಯಾಜಕಕಾಂಡಕ್ಕೆ ಬನ್ನಿ. ಬಲಿ ಯಾಕೆ, ರಕ್ತ ಯಾಕೆ ಅನ್ನುವುದು ಆಗ ಬಿಡಿಸಿಕೊಳ್ಳುತ್ತದೆ.

ಈ ವರ್ಷದ ಯೋಜನೆಗಳ ಬಗ್ಗೆ ಇನ್ನೊಂದು ಮಾತು. ಸ್ಕಾಟ್‌ಲ್ಯಾಂಡಿನ ಡಂಡೀ ಊರಿನಲ್ಲಿ ರಾಬರ್ಟ್ ಮರ್ರಿ ಮೆಕ್‌ಚೇನ್ ಅಂತ ಒಬ್ಬ ಸಭಾಪಾಲಕ ಇದ್ದ. 1842ರಲ್ಲಿ ತನ್ನ ಸಭೆಯವರಿಗಾಗಿ ವರ್ಷದ ಓದಿನ ಪಟ್ಟಿ ಮಾಡಿದ. ಇವತ್ತಿಗೂ ಲೋಕವೆಲ್ಲ ಅದನ್ನು ಬಳಸುತ್ತದೆ. ತಮಾಷೆ ಅಂದರೆ ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಅವನೇ ಬರೆದಿಟ್ಟ. ಓದು ಬರೀ ಶಾಸ್ತ್ರಕ್ಕೆ ಆಗಬಹುದು, ಓದಿದೆ ಅನ್ನುವ ಹೆಮ್ಮೆ ಬರಬಹುದು, ಕಣ್ಣು ಓಡಿಸಿ ಮುಗಿಸುವ ಅಭ್ಯಾಸ ಆಗಬಹುದು, ಕೆಲವರಿಗೆ ಅದು ಹೊರಲಾರದ ನೊಗವೂ ಆಗಬಹುದು ಅಂತ. ಪಟ್ಟಿ ಮಾಡಿದವನೇ ಹೀಗೆ ಹೇಳಿರುವಾಗ ನೀವು ಇಷ್ಟೊಂದು ನೊಂದುಕೊಳ್ಳುವುದು ಯಾಕೆ ಹೇಳಿ?

ಓದಿದೆ ಅನ್ನುವ ಹೆಮ್ಮೆ ನನಗೂ ಇತ್ತು. ಅದನ್ನೂ ಹೇಳುತ್ತೇನೆ. ನಲವತ್ತರ ಆಸುಪಾಸಿನಲ್ಲಿ ನಾನು ಬೈಬಲ್ ಕ್ವಿಜ್‌ನ ದೊಡ್ಡ ಹುಲಿ. ಯೆಹೂದದ ಅರಸರ ಹೆಸರು ಸಾಲಾಗಿ ಹೇಳುತ್ತಿದ್ದೆ. ಅದೇ ಹೊತ್ತಿಗೆ ಊರಿನ ಮನೆಯ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದೆ. ಆ ಮೂರು ವರ್ಷದಲ್ಲಿ ಮತ್ತಾಯ 5ನ್ನು ಎಷ್ಟು ಸಲ ಓದಿರಬಹುದು ಅಂದುಕೊಂಡಿದ್ದೀರಿ? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನ ಸಂಗಡ ಒಂದಾಗು ಅನ್ನುವ ಮಾತು ಅಲ್ಲೇ ಇದೆ. ಓದುತ್ತಿದ್ದೆ, ಪಟ್ಟಿಯಲ್ಲಿ ಟಿಕ್ ಹಾಕುತ್ತಿದ್ದೆ, ಮುಂದೆ ಹೋಗುತ್ತಿದ್ದೆ. ಒಂದು ದಿನ ಪಟ್ಟಿ ಕಳೆದುಹೋಗಿತ್ತು. ಎಲ್ಲಿದ್ದೆ ಅಂತ ನೆನಪಾಗದೆ ಅದೇ ಅಧ್ಯಾಯವನ್ನು ನಾಲ್ಕು ದಿನ ಸುಮ್ನೆ ಓದಿದೆ. ನಾಲ್ಕನೇ ದಿನ ಆ ವಚನ ದಾಟಿ ಹೋಗಲು ಆಗಲಿಲ್ಲ. ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಕೇಳಿದ ಮೊದಲ ಮಾತು, 'ಏನು, ದುಡ್ಡು ಬೇಕಿತ್ತಾ?' ಕಣ್ಣೀರು, ಅಪ್ಪುಗೆ ಅಂಥದ್ದೇನೂ ಆಗಲಿಲ್ಲ. ಪಾಲಿನ ಜಗಳ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಆದರೆ ಮಾತು ಶುರುವಾಗಿತ್ತು. ಬೆಳೆಯುವುದು ಅಂದರೇನು ಅಂತ ಕೇಳಿದ್ದೀರಲ್ಲ, ನನಗೆ ಗೊತ್ತಿರುವ ಬೆಳವಣಿಗೆ ಇಷ್ಟು ದೊಡ್ಡದು. ಎಸ್‌ಟಿಡಿ ಬೂತಿನಷ್ಟು.

ಈಗ ನಿಮ್ಮ ಗೋಡೆಯ ಚೀಟಿಗೆ ಬರೋಣ. ಬೇರು ಇರುವುದು ಅಲ್ಲೇ ಅನ್ನಿಸುತ್ತದೆ ನನಗೆ.

ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳನ್ನು ನಾನೇ ಬಲ್ಲೆ, ಅವು ಅಹಿತದವಲ್ಲ, ಹಿತದವು, ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವವು ಅನ್ನುವ ಮಾತು. ಮದುವೆ ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ, ಗಾಡಿಯ ಹಿಂದಿನ ಗಾಜಿನ ಮೇಲೆ ಎಲ್ಲ ಕಡೆ ಇದೆ. ಅದನ್ನು ಒಂದೇ ಸಾಲು ಕಿತ್ತುಕೊಂಡು ಗೋಡೆಗೆ ಹಚ್ಚಿದರೆ 'ಬೇಗ ಕೆಲಸ ಸಿಗುತ್ತೆ' ಅಂತ ಕೇಳಿಸುತ್ತದೆ. ಏಳು ತಿಂಗಳು ಸಿಗಲಿಲ್ಲ. ಹಾಗಾದರೆ ಮಾತು ಕೊಟ್ಟವನು ತಪ್ಪಿದ ಅಂತಾಯಿತು. ಬಾಯಿ ಬಿಟ್ಟು ಹೇಳದಿದ್ದರೂ ಒಳಗೆ ಆಗಿರುವುದು ಇದೇ, ಅಲ್ವಾ?

ಆ ಸಾಲನ್ನು ಅದರ ಮನೆಗೆ ವಾಪಸ್ ಕರೆದುಕೊಂಡು ಹೋಗೋಣ. ಆ ಅಧ್ಯಾಯ ಒಂದು ಕಾಗದ. ಬರೆದವನು ಯೆರೂಸಲೇಮಿನಲ್ಲಿರುವ ಪ್ರವಾದಿ ಯೆರೆಮೀಯ. ಕಾಗದ ಹೋಗುವುದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ, ಯೆಹೂದದ ಅರಸನನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆಹಿಡಿದು ಅಲ್ಲಿಗೆ ಸಾಗಿಸಿದ್ದ. ಆ ಜನರಿಗೆ ಬರೆದದ್ದು. ಸ್ವಲ್ಪ ಹಿಂದಕ್ಕೆ ಹೋಗಿ 28ನೇ ಅಧ್ಯಾಯ ನೋಡಿ. ಹನನ್ಯ ಅನ್ನುವವನು ಎಲ್ಲರ ಮುಂದೆ ನಿಂತು, ಇನ್ನೆರಡೇ ವರ್ಷ, ಸೆರೆಹೋದವರೆಲ್ಲ ವಾಪಸ್ ಬರುತ್ತಾರೆ ಅಂದ. ಜನಕ್ಕೆ ಕೇಳಬೇಕಾಗಿದ್ದದ್ದು ಅದೇ. ಯೆರೆಮೀಯನ ಕಾಗದ ಹೇಳುವುದು ಏನು? 10ನೇ ವಚನ ಓದಿ. ಎರಡಲ್ಲ, ಎಪ್ಪತ್ತು ವರ್ಷ. ಅಂದರೆ ಆ ಕಾಗದವನ್ನು ಕೈಯಲ್ಲಿ ಹಿಡಿದು ಓದಿದ ನಲವತ್ತು ವರ್ಷದವನು ಊರಿಗೆ ವಾಪಸ್ ಬರುವುದಿಲ್ಲ. ಅವನ ಮೊಮ್ಮಕ್ಕಳು ಬಂದಾರು. 11ನೇ ವಚನ ಬರುವುದು ಇದಾದ ಮೇಲೆ.

ಅದಕ್ಕೂ ಮುಂಚೆ, 5ರಿಂದ 7ರವರೆಗೆ ಏನಿದೆ ಗೊತ್ತಾ? ಮನೆ ಕಟ್ಟಿಕೊಳ್ಳಿ, ವಾಸಮಾಡಿ. ತೋಟ ಹಾಕಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ಯಾವ ಪಟ್ಟಣಕ್ಕೆ ನಿಮ್ಮನ್ನು ಕಳಿಸಿದ್ದೇನೋ ಅದರ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ನಮ್ಮ ಕೂಟದಲ್ಲಿ ಇದನ್ನು ಓದಿದ ದಿನ ಒಬ್ಬ ಹಿರಿಯರು, ಅರವತ್ತರ ದಶಕದಲ್ಲಿ ಊರು ಬಿಟ್ಟು ಬಂದು ಕ್ಯಾಂಟೀನಿನಲ್ಲಿ ಕಪ್ ತೊಳೆದವರು, ಕನ್ನಡಕ ತೆಗೆದು ಸುಮ್ಮನೆ ಕೂತರು. ಆಮೇಲೆ ಹೇಳಿದರು: 'ಐವತ್ತು ವರ್ಷದಿಂದ ರಿಟೈರ್ ಆಗಿ ಊರಿಗೆ ಹೋಗ್ತೇನೆ ಅಂತ ಪ್ರಾರ್ಥನೆ ಮಾಡ್ತಾ ಬಂದೆ. ಈ ಊರಿಗೋಸ್ಕರ ಒಂದು ದಿನಾನೂ ಮಾಡಿಲ್ಲ.' ನಮ್ಮನ್ನೇನೂ ಯಾರೂ ಸೆರೆಹಿಡಿದು ತಂದಿಲ್ಲ, ಹೊಟ್ಟೆಪಾಡಿಗೆ ಬಂದವರು ನಾವು. ಹಾಗಾಗಿ ಇದನ್ನು ನೇರವಾಗಿ ನಮ್ಮ ತಲೆಗೆ ಕಟ್ಟಿಕೊಳ್ಳುವುದು ಸರಿಯಲ್ಲ. ಆದರೂ ಕಾಲು ಇಲ್ಲಿ, ಮನಸ್ಸು ಊರಿನಲ್ಲಿ ಅನ್ನುವ ಆ ಸ್ಥಿತಿ ನಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನೂ ಒಂದು ಇದೆ, ಇದು ನನಗೆ ಬಹಳ ಇಷ್ಟ. 7ನೇ ವಚನದಲ್ಲಿ ಪಟ್ಟಣದ ಕ್ಷೇಮ ಅನ್ನುವಲ್ಲಿ ಮೂರು ಸಲ ಬರುವ ಹೀಬ್ರೂ ಪದ ಶಾಲೋಮ್. 11ನೇ ವಚನದಲ್ಲಿ ಹಿತದ ಆಲೋಚನೆ ಅನ್ನುವಲ್ಲಿಯೂ ಅದೇ ಶಾಲೋಮ್. ಕಾಗದ ಬರೆದವನು ಎರಡನ್ನೂ ಒಂದೇ ದಾರದಲ್ಲಿ ಹೊಲಿದಿದ್ದಾನೆ. ದೇವರು ಕೊಡುವ ಹಿತ ಪರದೇಶದ ಆ ಪಟ್ಟಣದ ಕ್ಷೇಮವನ್ನು ಬಿಟ್ಟು ಬೇರೆ ಎಲ್ಲಿಂದಲೋ ಉದುರುವುದಿಲ್ಲ. ಒಂದೇ ಸಾಲು ಗೋಡೆಗೆ ಅಂಟಿಸಿದರೆ ಈ ದಾರ ಕಾಣುವುದಿಲ್ಲ ನೋಡಿ.

ಈಗ ನಿಮ್ಮ ಭಾಷೆಯ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಆ 11ನೇ ವಚನವನ್ನು ಇಂಗ್ಲಿಷ್‌ನಲ್ಲಿ ಓದಿ. 'ಯೂ' ಅಂತಿರುತ್ತದೆ. ಒಬ್ಬರಿಗೋ ಹಲವರಿಗೋ ತಿಳಿಯುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು 'ನನಗೆ' ಅಂತ ಓದಿಕೊಳ್ಳುತ್ತಾರೆ. ಕನ್ನಡ ಸತ್ಯವೇದದಲ್ಲಿ 'ನಿಮ್ಮ ವಿಷಯದಲ್ಲಿ' ಅಂತಿದೆ. ಹಳೆಯ ಅನುವಾದದಲ್ಲಿ ದೇವರು ಒಬ್ಬ ಮನುಷ್ಯನಿಗೆ ಹೇಳುವಾಗ 'ನೀನು' ಅನ್ನುತ್ತಾನೆ, ಅಬ್ರಹಾಮನಾಗಲಿ ಅರಸನಾಗಲಿ. ಅಲ್ಲಿ ಮರ್ಯಾದೆಯ ಬಹುವಚನ ಇಲ್ಲ. ಹಾಗಾಗಿ 'ನಿಮ್ಮ' ಅಂದರೆ ಒಂದು ಇಡೀ ಜನ. ನೀವೊಬ್ಬರೇ ಅಡುಗೆಮನೆಯಲ್ಲಿ ನಿಂತು ಹೊರಬೇಕಾದ ವಾಕ್ಯ ಅಲ್ಲ ಅದು.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ಇನ್ನೂ ಚೆಂದ. ಲೂಕ 22:31-32. ಪೇತ್ರ ಯೇಸುವನ್ನು ಅರಿಯೆನು ಅನ್ನುವ ರಾತ್ರಿ. ಸೀಮೋನ ಅನ್ನುವುದು ಪೇತ್ರನದೇ ಇನ್ನೊಂದು ಹೆಸರು. ಸೀಮೋನನೇ, ಸೈತಾನನು 'ನಿಮ್ಮನ್ನು' ಗೋಧಿಯ ಹಾಗೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ, ಆದರೆ 'ನಿನ್ನ' ನಂಬಿಕೆ ಕುಂದಬಾರದೆಂದು ನಾನು ಬೇಡಿಕೊಂಡೆನು ಅನ್ನುತ್ತಾನೆ ಯೇಸು. ಜರಡಿ ಎಲ್ಲರಿಗೂ, ಪ್ರಾರ್ಥನೆ ಹೆಸರು ಹಿಡಿದು ಒಬ್ಬನಿಗೆ. ಇಂಗ್ಲಿಷ್‌ನ ಒಂದೇ 'ಯೂ'ನಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ. ಕನ್ನಡದಲ್ಲಿ ಮಗುವಿಗೂ ಕಾಣುತ್ತದೆ.

ಹಾಗಂತ ಹಳೆಯ ಸತ್ಯವೇದವನ್ನೇ ಕಷ್ಟಪಟ್ಟು ಓದಿ ಅನ್ನುವುದಿಲ್ಲ. ಕನ್ನಡದಲ್ಲಿ ಪೂರ್ತಿ ಬೈಬಲ್ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಸರಳ ಕನ್ನಡದ ಅನುವಾದಗಳೂ ಬಂದಿವೆ. ಕಥೋಲಿಕರ ಮನೆಯಲ್ಲಿ ಸಿಕ್ಕಿದ ಬೈಬಲಿನಲ್ಲಿ 73 ಪುಸ್ತಕ ಇದ್ದರೆ, ಸುವಾರ್ತೆಗೆ ಶುಭಸಂದೇಶ ಅಂತಿದ್ದರೆ ಗಾಬರಿಯಾಗಬೇಡಿ, ಅವರ ಪಟ್ಟಿ ಹಾಗೆ. ದಿನದ ಓದಿಗೆ ಸರಳವಾದದ್ದು ಒಂದು ಇಟ್ಟುಕೊಳ್ಳಿ. ಎಲ್ಲಾದರೂ ಮನಸ್ಸು ನಿಂತರೆ ಹಳೆಯದನ್ನು ತೆರೆದು ಅದೇ ಸಾಲು ನೋಡಿ. 23ನೇ ಕೀರ್ತನೆಯ 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಇದಕ್ಕೆ ಸರಳ ಕನ್ನಡದಲ್ಲಿ ಅರ್ಥ ಸಿಗುತ್ತದೆ, ಆದರೆ ಆ ಕೊರತೆಪಡೆನು ಅನ್ನುವ ಒಂದು ಪದದ ತೂಕ ಸಿಗುವುದಿಲ್ಲ. ಕಚೇರಿ ಕೆಲಸವೆಲ್ಲ ಇಂಗ್ಲಿಷ್‌ನಲ್ಲೇ ಮಾಡುವವರಿಗೆ ಇಂಗ್ಲಿಷ್ ಬೈಬಲ್ ಬೇಗ ಓಡುತ್ತದೆ. ಬೇಗ ಓಡುವುದೇ ಅದರ ತೊಂದರೆ. ಕನ್ನಡದಲ್ಲಿ ತಡವರಿಸಿಕೊಂಡು ಓದುತ್ತೀರಲ್ಲ, ತಡವರಿಸುವಾಗ ಕಣ್ಣು ಪದದ ಮೇಲೆ ನಿಲ್ಲುತ್ತದೆ. ಅದು ಲಾಭ.

ಧ್ಯಾನದ ಓದು ಮತ್ತು ಅಧ್ಯಯನ ಬೇರೆನಾ ಅಂತ ಕೇಳಿದ್ದೀರಿ. ಮೇಲೆ ಯೆರೆಮೀಯನ ವಿಷಯದಲ್ಲಿ ಮಾಡಿದ್ದು ಅಧ್ಯಯನ. ಯಾರು, ಯಾರಿಗೆ, ಯಾವಾಗ, ಹಿಂದೆ ಏನಿದೆ, ಮುಂದೆ ಏನಿದೆ, ಯಾವ ಪದ ಮತ್ತೆ ಮತ್ತೆ ಬರುತ್ತದೆ. ಧ್ಯಾನದ ಓದು ಅಂದರೆ ಆ ಹಿರಿಯರು ಕನ್ನಡಕ ತೆಗೆದು ಸುಮ್ಮನೆ ಕೂತರಲ್ಲ, ಅದು. ಒಂದು ಇಲ್ಲದೆ ಇನ್ನೊಂದು ಕುಂಟುತ್ತದೆ. ಬರೀ ಅಧ್ಯಯನ ಮಾಡಿದವನು ಕ್ವಿಜ್ ಹುಲಿಯಾಗುತ್ತಾನೆ, ನನ್ನ ಹಾಗೆ. ಬರೀ ಧ್ಯಾನ ಮಾಡಿದವರು ತಮಗೆ ಬೇಕಾದದ್ದನ್ನು ವಾಕ್ಯದ ಬಾಯಲ್ಲಿ ಹೇಳಿಸುತ್ತಾರೆ.

12ನೇ ಶತಮಾನದಲ್ಲಿ ಗಿಗೋ ಅನ್ನುವ ಒಬ್ಬ ಸನ್ಯಾಸಿ ಇದನ್ನು ಊಟಕ್ಕೆ ಹೋಲಿಸಿದ್ದ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆಯಲ್ಲಿ ರುಚಿ ಹತ್ತುತ್ತದೆ, ಕೊನೆಗೆ ಉಳಿಯುವುದು ಸಿಹಿ. ನಿಮ್ಮ ಅನುದಿನದ ಧ್ಯಾನದ ಪುಸ್ತಕ ಕೆಟ್ಟದ್ದಲ್ಲ. ಆದರೆ ಅದು ಬೇರೆಯವರು ಅಗಿದ ತುತ್ತು. ಮೇಲೆ ಒಂದು ವಚನ, ಕೆಳಗೆ ಯಾರದೋ ಒಂದು ಕಥೆ, ಕೊನೆಗೆ ಎರಡು ಸಾಲು ಪ್ರಾರ್ಥನೆ. ನಾವು ಓದುವುದು ಕಥೆಯನ್ನು. ವಚನಕ್ಕೆ ಕಣ್ಣು ತಾಗಿಸಿ ಕೆಳಗೆ ಇಳಿದುಬಿಡುತ್ತೇವೆ. ಇದನ್ನು ತಿರುವುಮುರುವು ಮಾಡಿ. ಆ ವಚನ ಇರುವ ಅಧ್ಯಾಯವನ್ನು ಮೊದಲು ಬೈಬಲಿನಲ್ಲೇ ಓದಿ. ನಿಮಗೆ ಏನು ಕಂಡಿತೋ ನೋಡಿಕೊಳ್ಳಿ. ಆಮೇಲೆ ಬೇಕಿದ್ದರೆ ಪುಸ್ತಕದವರು ಏನು ಹೇಳಿದ್ದಾರೆ ನೋಡಿ. ಎಷ್ಟೋ ದಿನ ಅವರಿಗಿಂತ ಒಳ್ಳೆಯದು ನಿಮಗೇ ಕಂಡಿರುತ್ತದೆ, ನಂಬಿ.

ಇನ್ನು ರೈಲು. ಗಲಾಟೆಯಲ್ಲಿ ಹೇಗೆ ಓದೋದು ಅನ್ನುವವರಿಗೆ ನಾನು ಅಪೊಸ್ತಲರ ಕೃತ್ಯಗಳು 8 ತೋರಿಸುತ್ತೇನೆ. ಐಥಿಯೋಪ್ಯದ ಒಬ್ಬ ದೊಡ್ಡ ಅಧಿಕಾರಿ, ಗಾಜಾಕ್ಕೆ ಹೋಗುವ ದಾರಿ, ಓಡುವ ರಥ. ಅದರಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದ. ಗಟ್ಟಿಯಾಗಿಯೇ ಓದುತ್ತಿದ್ದ, ಯಾಕೆಂದರೆ ಪಕ್ಕದಲ್ಲಿ ಓಡಿಬಂದ ಫಿಲಿಪ್ಪನಿಗೆ ಕೇಳಿಸಿತು. ಒಂದನೆಯ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಅಂತ ಬರುತ್ತದಲ್ಲ, ಅಲ್ಲಿನ ಹೀಬ್ರೂ ಪದಕ್ಕೆ ಬಾಯೊಳಗೇ ಗುನುಗುವುದು ಅನ್ನುವ ಅರ್ಥ ಇದೆ. ಪಾರಿವಾಳದ ಗುಟುರಿಗೂ, ಬೇಟೆ ಹಿಡಿದ ಸಿಂಹದ ಗುರುಗುಟ್ಟುವಿಕೆಗೂ ಯೆಶಾಯನ ಪುಸ್ತಕದಲ್ಲಿ ಅದೇ ಪದ. ಅಂದರೆ ಕಣ್ಣು ಮುಚ್ಚಿ ಕೂರುವುದೊಂದೇ ಧ್ಯಾನ ಅಲ್ಲ. ತುಟಿ ಅಲ್ಲಾಡಿಸುವುದೂ ಧ್ಯಾನವೇ. ನಿಮ್ಮ ಲೇಡೀಸ್ ಡಬ್ಬಿಯಲ್ಲಿ ಪಕ್ಕದ ಮರಾಠಿ ಅಕ್ಕ ಬ್ಯಾಗಿನಿಂದ ಪುಟ್ಟ ಸ್ತೋತ್ರದ ಪುಸ್ತಕ ತೆಗೆದು ತುಟಿ ಅಲ್ಲಾಡಿಸುತ್ತಾ ಕೂತಿರುವುದಿಲ್ಲವೇ? ಇನ್ನೊಬ್ಬಳು ಸೊಪ್ಪು ಬಿಡಿಸುತ್ತಿರುತ್ತಾಳೆ. ನೀವು ಗುನುಗಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ರೈಲಿನಲ್ಲೇ ಹೊಸ ಒಡಂಬಡಿಕೆ ಕೈಗೆ ಸಿಕ್ಕಿ ಬದುಕು ಬದಲಾದವರೂ ಇದ್ದಾರೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು. ಜೊತೆಗೆ ಕೂತಿದ್ದ ಒಬ್ಬ ಯುರೋಪಿಯನ್ ಪ್ರಯಾಣಿಕ ಕೊಟ್ಟ ಪುಸ್ತಕ ಅದು. ಓದುತ್ತಾ ಪರ್ವತಪ್ರಸಂಗಕ್ಕೆ, ಅಂದರೆ ಮತ್ತಾಯ 5ರಲ್ಲಿ ಶುರುವಾಗುವ ಯೇಸುವಿನ ಬೋಧನೆಗೆ ಬಂದಾಗ ಕೆಳಗಿಡಲು ಆಗಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ನಿಮಗೆ ನಾನು ಹೇಳುವುದು ಮಾರ್ಕನ ಸುವಾರ್ತೆ. 16 ಅಧ್ಯಾಯ, ಎಲ್ಲಕ್ಕಿಂತ ಚಿಕ್ಕ ಸುವಾರ್ತೆ. ಒಂದೇ ಉಸಿರಿಗೆ ಓದಿದರೆ ಒಂದೂವರೆ ಗಂಟೆ. ಡೊಂಬಿವಲಿಯಿಂದ ಹೋಗಿಬರುವಷ್ಟರಲ್ಲಿ ಆಡಿಯೋದಲ್ಲಿ ಪೂರ್ತಿ ಕೇಳಿ ಮುಗಿಸಬಹುದು. ಮೊದಲ ವಾರ ಹಾಗೆ ಎರಡು ಸಲ ಕೇಳಿಬಿಡಿ, ಏನನ್ನೂ ಬರೆದುಕೊಳ್ಳಬೇಡಿ. ಆಮೇಲೆ ದಿನಕ್ಕೊಂದು ಸಣ್ಣ ಘಟನೆ, ಜಾಸ್ತಿ ಬೇಡ. ಒಂದು ಪುಸ್ತಕದಲ್ಲೇ ಎರಡು ತಿಂಗಳು ಇರಿ.

ಯಾಕೆ ಅಂತ ತೋರಿಸುತ್ತೇನೆ. 10ನೇ ಅಧ್ಯಾಯದ ಕೊನೆಯಲ್ಲಿ ಬಾರ್ತಿಮಾಯನ ಕಥೆ. ಯೆರಿಕೋ ಊರಿನ ದಾರಿ ಬದಿಯಲ್ಲಿ ಕೂತ ಕುರುಡ ಭಿಕ್ಷುಕ. ಲೋಕಲ್‌ನಲ್ಲಿ ಚಿಲ್ಲರೆ ಡಬ್ಬಿ ಕುಲುಕುತ್ತಾ ಹಾಡಿಕೊಂಡು ಬರುವವರನ್ನು ನೀವು ದಿನಾ ನೋಡುತ್ತೀರಿ, ಆ ದನಿ ಕಿವಿಯಲ್ಲಿ ಇಟ್ಟುಕೊಂಡು ಓದಿ. ಅವನು ಕೂಗುತ್ತಾನೆ. ಜನ ಗದರಿಸಿ ಸುಮ್ಮನಿರು ಅನ್ನುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾನೆ. ಅವನು ಮೇಲುಹೊದಿಕೆ ಬಿಸಾಡಿ ಎದ್ದು ಬರುತ್ತಾನೆ. ಆ ಹೊದಿಕೆ ಬಗ್ಗೆ ಒಂದು ನಿಮಿಷ ಯೋಚಿಸಿ. ದಾರಿ ಬದಿಯಲ್ಲಿ ಬದುಕುವವನಿಗೆ ಅದೇ ಹಾಸಿಗೆ, ಅದೇ ಆಸ್ತಿ. ಕಣ್ಣು ಬರುವ ಮುಂಚೆಯೇ ಅದನ್ನು ಬಿಸಾಡಿದ. ಕಣ್ಣು ಬರದೆ ಹೋಗಿದ್ದರೆ ಅದನ್ನು ಹುಡುಕಿ ತೆಗೆಯುವುದು ಹೇಗೆ? ಯೇಸು ಕೇಳುತ್ತಾನೆ: ನಾನು ನಿನಗೆ ಏನು ಮಾಡಬೇಕು ಅನ್ನುತ್ತೀ? ಇಷ್ಟು ಹೊತ್ತಿಗೆ ಧ್ಯಾನದ ಓದು ಶುರುವಾಗಿಬಿಡುತ್ತದೆ. ಆ ಪ್ರಶ್ನೆಯನ್ನು ನಿಮ್ಮನ್ನೇ ಕೇಳಿದ ಹಾಗೆ ಸ್ವಲ್ಪ ಹೊತ್ತು ಬಿಟ್ಟುಬಿಡಿ, ಉತ್ತರಕ್ಕೆ ಅವಸರ ಮಾಡಬೇಡಿ.

ಆದರೆ ಮಾರ್ಕನನ್ನು ನಾಲ್ಕೈದು ಸಲ ಓದಿದವರಿಗೆ ಇನ್ನೊಂದು ಕಾಣುತ್ತದೆ. ಅದೇ ಪ್ರಶ್ನೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, 36ನೇ ವಚನದಲ್ಲಿಯೂ ಇದೆ. ಅಲ್ಲಿ ಕೇಳುವುದು ತನ್ನ ಶಿಷ್ಯರಾದ ಯಾಕೋಬ ಯೋಹಾನರನ್ನು. ಅವರು ಕೇಳಿದ್ದು ಯೇಸುವಿನ ಪಕ್ಕದ ಸೀಟು. ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ. ಲೋಕಲ್‌ನವರಿಗೆ ಸೀಟಿನ ಆಸೆ ವಿವರಿಸಬೇಕಾಗಿಲ್ಲ! ಕುರುಡ ಕೇಳಿದ್ದು ಕಣ್ಣು. ಇನ್ನೂ ಹಿಂದೆ ಹೋದರೆ 8ನೇ ಅಧ್ಯಾಯದಲ್ಲಿಯೂ ಒಬ್ಬ ಕುರುಡ, ಅವನಿಗೆ ಎರಡು ಸಲ ಕೈ ಇಟ್ಟ ಮೇಲೆ ಸ್ಪಷ್ಟವಾಗಿ ಕಂಡದ್ದು. ಈ ಇಬ್ಬರು ಕುರುಡರ ನಡುವೆ ಯೇಸು ಮೂರು ಸಲ ತನ್ನ ಸಾವಿನ ಬಗ್ಗೆ ಹೇಳುತ್ತಾನೆ, ಕಣ್ಣಿರುವ ಶಿಷ್ಯರಿಗೆ ಮೂರು ಸಲವೂ ತಲೆಗೆ ಹೋಗುವುದಿಲ್ಲ. ಮಾರ್ಕ ಎಷ್ಟು ಜಾಣ ನೋಡಿ, ಒಂದು ಮಾತೂ ವಿವರಿಸದೆ ಎರಡು ಕಡೆ ಇಬ್ಬರು ಕುರುಡರನ್ನು ಇಟ್ಟು ಸುಮ್ಮನಾಗಿದ್ದಾನೆ. ಇದನ್ನು ಯಾವ ವಾಟ್ಸಾಪ್ ವಾಕ್ಯವೂ ನಿಮಗೆ ತೋರಿಸುವುದಿಲ್ಲ.

ಏನು ಓದಿದರೂ ಮನಸ್ಸಿಗೆ ತಟ್ಟುವುದಿಲ್ಲ ಅಂದಿರಿ. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ. ಕೆಲವು ಕೀರ್ತನೆಗಳಿವೆ. 13ನೆಯದರಲ್ಲಿ 'ಎಷ್ಟರ ವರೆಗೆ' ಅನ್ನುವ ಕೂಗು ನಾಲ್ಕು ಸಲ ಬರುತ್ತದೆ, ಮೊದಲ ಎರಡೇ ವಚನದಲ್ಲಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಸಾಲೇ ಇಲ್ಲ. ಅದನ್ನೂ ಬೈಬಲಿನಿಂದ ತೆಗೆದುಹಾಕದೆ ಇಟ್ಟಿದ್ದಾರೆ, ಹಾಡಲು ಕೊಟ್ಟಿದ್ದಾರೆ. ದೇವರ ಮೇಲೆ ಸಿಟ್ಟಿದ್ದರೆ, ಇದ್ದೇ ಇರುತ್ತದೆ, ಏಳು ತಿಂಗಳು ಕಡಿಮೆ ಏನಲ್ಲ, ಅದನ್ನು ಅವನ ಮುಂದೆಯೇ ಹೇಳಲು ಬೇಕಾದ ಮಾತುಗಳು ಅಲ್ಲಿವೆ. ಆಮೆನ್ ಹಾಕಿ ಮುಚ್ಚಿಡುವುದಕ್ಕಿಂತ ಅದು ಒಳ್ಳೆಯ ಪ್ರಾರ್ಥನೆ ಅಂತ ನಾನು ತಿಳಿದಿದ್ದೇನೆ.

ಮತ್ತೆ, ಬೇಗ ಬೆಳೆಯಬೇಕು ಅನ್ನುವ ಆತುರ ಬೇಡ. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲಿನಲ್ಲಿ ಕೇಡಗಾಂವ್ ಅಂತ ಸ್ಟೇಷನ್ ಬರುತ್ತದೆ. ದಿಕ್ಕಿಲ್ಲದ ಹೆಂಗಸರಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಆಸರೆಮನೆ, ಮುಕ್ತಿ ಮಿಷನ್ ಇರುವುದು ಅಲ್ಲಿ. ನಮ್ಮ ಕಡೆಯ ಘಟ್ಟದಲ್ಲೇ, ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು ಅವರು, ಎಷ್ಟೋ ಕನ್ನಡದವರಿಗೆ ಇದು ಗೊತ್ತಿಲ್ಲ. ಸಂಸ್ಕೃತದ ಮಹಾ ವಿದ್ವಾಂಸೆ. ಅವರ ಓದು ಶುರುವಾದದ್ದು ಪೂರ್ತಿ ಬೈಬಲಿನಿಂದಲ್ಲ. ಗಂಡನ ಜೊತೆ ಅಸ್ಸಾಮ್ ಕಡೆ ಇದ್ದಾಗ ಮನೆಯಲ್ಲಿ ಬಂಗಾಳಿಯ ಒಂದು ಚಿಕ್ಕ ಪುಸ್ತಕ ಸಿಕ್ಕಿತು, ಲೂಕನ ಸುವಾರ್ತೆ. ಆಮೇಲೆ ಇಂಗ್ಲೆಂಡಿನಲ್ಲಿ ಸಮಾರ್ಯದ ಹೆಂಗಸಿನ ಕಥೆ, ಯೋಹಾನ 4, ಅವರನ್ನು ಹಿಡಿದು ನಿಲ್ಲಿಸಿತು. 1883ರಲ್ಲಿ ದೀಕ್ಷಾಸ್ನಾನ ಆಯಿತು. ಅದಾಗಿ ಸುಮಾರು ಎಂಟು ವರ್ಷದ ಮೇಲೆ ಅವರಿಗೆ ಅನ್ನಿಸಿತು, ನನಗೆ ಕ್ರಿಸ್ತನ ಧರ್ಮ ಸಿಕ್ಕಿದೆ, ಕ್ರಿಸ್ತ ಇನ್ನೂ ಬೇಕು ಅಂತ. ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಆಮೇಲೆ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ಅರ್ಥವಾಗುವ ಮರಾಠಿಯಲ್ಲಿ ಇಡೀ ಬೈಬಲ್ ಅನುವಾದ ಮಾಡಿದರು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿಸಿದ್ದರು. ಎಂಟು ವರ್ಷ ಅವರಿಗೇ ಹಿಡಿಯಿತು. ನಿಮ್ಮದು ಇನ್ನೂ ಒಂದು ವರ್ಷದ ಒಣಗಾಲ.

ಕೊನೆಗೆ ಅತ್ತೆ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಇರುವುದು ಒಂದೇ ಸಾಲು, ಆದರೆ ನನ್ನ ಕಣ್ಣು ಅಲ್ಲೇ ನಿಂತಿತು. ಆ ಐಥಿಯೋಪ್ಯದವನನ್ನು ಫಿಲಿಪ್ಪ ಕೇಳಿದ್ದು, ಓದುವುದು ನಿನಗೆ ಅರ್ಥವಾಗುತ್ತದೋ ಅಂತ. ಯಾರಾದರೂ ದಾರಿ ತೋರಿಸದಿದ್ದರೆ ಹೇಗಾದೀತು ಅಂದು, ಮೇಲೆ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡ. ನೀವು ಫಿಲಿಪ್ಪನನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಮನೆಯಲ್ಲೇ ಇದ್ದಾರೆ. ರಾತ್ರಿ ನೀವು ನಾಳೆಯ ಡಬ್ಬಿಗೆ ತರಕಾರಿ ಹೆಚ್ಚುವಾಗ ಅವರಿಗೆ ಹಳೆಯ ಸತ್ಯವೇದ ಕೊಟ್ಟು ಮಾರ್ಕನ ಒಂದು ಘಟನೆ ಗಟ್ಟಿಯಾಗಿ ಓದಲು ಹೇಳಿ. ತಿಳಿಯದ ಪದ ಬಂದರೆ ನಿಲ್ಲಿಸಿ ಕೇಳಿ. ಮಧ್ಯೆ ಈರುಳ್ಳಿ ದಪ್ಪವಾಯಿತು ಅಂತಲೂ ಅನ್ನುತ್ತಾರೆ, ತಡೆದುಕೊಳ್ಳಿ. ಯಜಮಾನರು ಟಿವಿ ಸದ್ದು ತಾವಾಗಿಯೇ ಕಡಿಮೆ ಮಾಡುವ ದಿನ ಬರಬಹುದು, ಬರದೆಯೂ ಇರಬಹುದು. ಗೋಡೆಯ ಚೀಟಿ ಕೀಳಬೇಡಿ. ಅದರ ಮೇಲ್ಗಡೆ 7ನೇ ವಚನ ಬರೆದು ಅಂಟಿಸಿ, ಅತ್ತೆಯ ಕೈಬರಹದಲ್ಲಿ ಆದರೆ ಇನ್ನೂ ಒಳ್ಳೆಯದು. ಪಟ್ಟಣ ಅಂತ ಬರುವ ಕಡೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಡೊಂಬಿವಲಿ ಅಂತ ಬರೆದುಕೊಳ್ಳಿ.